ಪೀಡೆ ಪಂಪಿಗೆ ಬಿಸಿನೀರು

ನಮ್ಮ ಮೇಳಿಗೆ ಊರಿನ ಅಕ್ಕಿ ಗಿರಣೀಲಿ ಶನಿವಾರ ಬಂತು ಅಂದ್ರೆ ಸೌದೆ ಖಾಲಿ. ಮಧ್ಯಾಹ್ನ ಊಟದ ಹೊತ್ತಿಗೆ ಸೌದೆ ಕೊಟ್ಟಿಗೇಲಿ ಬರೀ ತೊಗಟೆ, ಧೂಳು. ಬಾಯ್ಲರ್ ತಣ್ಣಗಾಗೋದು, ಎಂಜಿನ್ ನಿಲ್ಲೋದು. ತೊಟ್ಟೀಲಿ ನೆನೆಹಾಕಿದ ಭತ್ತ ಮಾತ್ರ ಇನ್ನೂ ಅಷ್ಟು ಉಳ್ಕೊಂಡಿರೋದು. ಕುಚ್ಚಲಕ್ಕಿ ಮಾಡೋರಿಗೆ ಗೊತ್ತು, ನೆಂದ ಭತ್ತ ಹೊತ್ತಿಗೆ ಸರಿಯಾಗಿ ಬೇಯಬೇಕು. ಭಾನುವಾರ ಗಿರಣಿಗೆ ರಜೆ. ಸೋಮವಾರ ಬೆಳಿಗ್ಗೆ ಬಂದು ತೊಟ್ಟಿ ಹತ್ರ ನಿಂತ್ರೆ, ಅಯ್ಯಪ್ಪಾ, ಆ ಹುಳಿ ನಾತ! ಅದರ ಅಕ್ಕಿಯ ಅನ್ನ ಬಡಿಸಿದ್ರೆ ಮಕ್ಕಳು ತಟ್ಟೆ ತಳ್ಳಿ ಎದ್ದು ಹೋಗ್ತಿದ್ವು. ಭತ್ತ ತಂದ ರೈತ್ರು ನಮ್ಮ ಮುಖ ನೋಡಿ ಬೈದು, ಮುಂದಿನ ಸಲ ಗಾಡೀನ ತೀರ್ಥಹಳ್ಳಿ ಕಡೆ ಹೊಡೀತಿದ್ರು.

ನಾನು ಹೂವಮ್ಮ. ಭತ್ತ ಬೇಯಿಸೋ ಕಬ್ಬಿಣದ ಡ್ರಮ್ಮಿಗೆ ಭತ್ತ ತುಂಬೋದು, ಬೆಂದದ್ದನ್ನ ಕಣದಲ್ಲಿ ಹರವೋದು ನನ್ನ ಕೆಲಸ. ನನ್ನ ಜೊತೆ ಗುತ್ಯಮ್ಮ, ಅವಳಲ್ಲದೆ ಇನ್ನೂ ಆರು ಜನ ಹೆಂಗಸ್ರು. ಬಾಯ್ಲರಿಗೆ ಬೆಂಕಿ ಹಾಕೋ ಫೈರ್‌ಮನ್ ನಮ್ಮನೆಯವ್ರು. ಗಂಡನ ಹೆಸರು ಬಾಯಿಬಿಟ್ಟು ಹೇಳೋ ಪದ್ಧತಿ ನಮ್ಮಲ್ಲಿಲ್ಲ. ಉಳಿದೋರು ಕೂಗೋದು ಕೇಳಿದ್ರೆ ನಿಮಗೇ ಗೊತ್ತಾಗುತ್ತೆ.

ಸಂಕ್ರಾಂತಿಗೆ ಮುಂಚೆ ಒಂದು ಸೋಮವಾರ ಗಿರಣಿ ಯಜಮಾನ್ರು ಸುಬ್ಬರಾಯ ಗೌಡ್ರು ಬಂದ್ರು. ತೊಟ್ಟಿ ಹತ್ರ ಒಂದು ಸಲ ಉಸಿರು ಎಳ್ಕೊಂಡ್ರು. ಮೂಗಿಗೆ ಪಂಚೆ ಚುಂಗು ಹಿಡ್ಕೊಂಡು ಸೀದಾ ಬಾಯ್ಲರ್ ಕೋಣೆಗೆ ನಡೆದ್ರು.

"ಭೂತಪ್ಪ, ಮತ್ತೆ ಕೆಡ್ತಲ್ಲೋ ಭತ್ತ!"

"ಸೌದೆ ಸಾಲಲಿಲ್ಲ ಗೌಡ್ರೇ."

"ವಾರಕ್ಕೆ ಹತ್ತು ಗಾಡಿ ಸೌದೆ. ಈ ವರ್ಷ ಕಾಡಿನಿಂದ ಸಿಗೋದು ಅಷ್ಟೇ. ಹನ್ನೊಂದನೇ ಗಾಡಿ ನಾನೆಲ್ಲಿಂದ ತರ್ಲಿ? ಮನೆ ಮಂಚ ಮುರಿದು ಕೊಡ್ಲಾ?"

"ಬಾಯ್ಲರ್ ತಿನ್ನುತ್ತೆ. ನಾನೆಂತ ಮಾಡ್ಲಿ?"

ಗೌಡ್ರು ಒಳ್ಳೆಯೋರೇ. ಆದರೆ ಅವತ್ತು ಅವರಿಗೂ ತಾಳ್ಮೆ ತಪ್ಪಿತ್ತು. "ಊರಿಗೆ ಕರೆಂಟು ಬಂದಾಯ್ತು. ಮೋಟ್ರು ಹಾಕಿಸಿ, ಭತ್ತ ಬೇಯಿಸೋ ರಗಳೆನೇ ಇಲ್ದೆ ಬರೀ ಬೆಳ್ತಿಗೆ ಅಕ್ಕಿ ಮಾಡ್ಕೊಂಡು ಇರ್ತೀನಿ. ಈ ತಿಂಗಳು ನೋಡ್ತೀನಿ. ಇನ್ನೊಂದು ಸಲ ನಾತ ಬಂತೋ, ಬಾಯ್ಲರಿಗೆ ಬೀಗ" ಅಂದ್ರು.

ಬಾಯ್ಲರ್ ಇಲ್ದಿದ್ರೆ ಫೈರ್‌ಮನ್ ಯಾಕೆ? ಬೇಯಿಸೋ ಭತ್ತ ಇಲ್ದಿದ್ರೆ ಕಣದಲ್ಲಿ ಹರವೋ ಹೆಂಗಸ್ರು ಯಾಕೆ? ನಮ್ಮನೇಲಿ ದುಡಿಯೋರು ಇಬ್ರು. ಇಬ್ರ ಕೆಲಸಾನೂ ಒಂದೇ ಬೀಗಕ್ಕೆ ಹೋಗ್ತಿತ್ತು. ಗುತ್ಯಮ್ಮ ಅಂತೂ ಗೌಡ್ರು ಆಚೆ ಹೋದ ಕೂಡ್ಲೇ ಬುಟ್ಟಿ ಕೆಳಗಿಟ್ಟು ಅತ್ತೇಬಿಟ್ಟಳು. ಅವಳಿಗೆ ಗಂಡ ಇಲ್ಲ, ಜಮೀನಿಲ್ಲ, ಇದೊಂದೇ ಕೂಲಿ.

ಈಗ ಬಾಯ್ಲರ್ ವಿಷಯ ಸ್ವಲ್ಪ ಹೇಳ್ತೀನಿ. ಹೆದರ್ಬೇಡಿ, ದೊಡ್ಡ ವಿದ್ಯೆ ಏನಲ್ಲ. ಅದೊಂದು ಬಾಯಿ ಮುಚ್ಚಿದ ದೊಡ್ಡ ಕಬ್ಬಿಣದ ಹಂಡೆ. ಕೆಳಗೆ ಬೆಂಕಿ, ಒಳಗೆ ನೀರು. ಕುದಿದ ನೀರು ಉಗಿಯಾಗಿ ಎರಡು ಕಡೆ ಹೋಗುತ್ತೆ. ಒಂದು ಪಾಲು ಅಕ್ಕಿ ಮಿಷನ್ ತಿರುಗಿಸೋ ಎಂಜಿನ್ನಿಗೆ, ಇನ್ನೊಂದು ಪಾಲು ನಮ್ಮ ಭತ್ತದ ಡ್ರಮ್ಮಿಗೆ. ಉಗಿ ಹೋದಷ್ಟೂ ಒಳಗಿನ ನೀರು ಇಳಿಯುತ್ತೆ. ಎಷ್ಟು ಇಳಿದಿದೆ ಅಂತ ತೋರ್ಸೋಕೆ ಬಾಯ್ಲರ್ ಮುಂದೆ ಒಂದು ಗಾಜಿನ ಕೊಳವೆ. ಉಗಿಯ ಜೋರು ತೋರ್ಸೋಕೆ ಗಡಿಯಾರದ ಹಾಗಿರೋ ಒಂದು ಮೀಟ್ರು, ಅದಕ್ಕೊಂದು ಮುಳ್ಳು. ಇಳಿದ ನೀರು ತುಂಬೋಕೆ ಒಂದು ಪಂಪು.

ಆ ಪಂಪನ್ನ ನಮ್ಮ ಗಿರಣೀಲಿ ಎಲ್ರೂ ಪೀಡೆ ಪಂಪು ಅಂತ್ಲೇ ಕರೀತಿದ್ದಿದ್ದು. ಗಿರಣಿ ಕಟ್ಟುವಾಗ ಬಂದಿದ್ದ ಮೇಸ್ತ್ರಿ ಹಾಗೇ ಹೇಳಿದ್ನಂತೆ. ಹೆಸರಿಗೆ ತಕ್ಕ ಹಾಗೇ ಅದರ ಕೆಲಸ. ಪಂಪು ಶುರು ಮಾಡಿದ್ರೆ ಸಾಕು, ಎಂಬತ್ತರಲ್ಲಿದ್ದ ಮುಳ್ಳು ಐವತ್ತಕ್ಕೆ ಬೀಳೋದು. ಎಂಜಿನ್ ಏದುಸಿರು ಬಿಡೋದು. ಡ್ರಮ್ಮಿಗೆ ಬರೋ ಉಗಿ ತೆಳ್ಳಗಾಗಿ ಭತ್ತ ಅರೆಬೆಂದು ಕೂರೋದು. ನಮ್ಮನೆಯವ್ರು ಇದನ್ನ ನೋಡಿ ನೋಡಿ ಪಂಪಿಗೆ ನಿಜಕ್ಕೂ ಪೀಡೆ ಮೆಟ್ಟಿದೆ ಅಂತ ನಂಬಿಬಿಟ್ಟಿದ್ರು. ಶುಕ್ರವಾರ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಕುಯ್ದು ಇಡೋರು.

ಅಷ್ಟೇ ಆಗಿದ್ರೆ ನಿಂಬೆಹಣ್ಣು ಹೋಯ್ತು ಅಂತ ಸುಮ್ನಿರಬಹುದಿತ್ತು. ಪೀಡೆ ತಂಟೆಗೆ ಎಷ್ಟು ಕಮ್ಮಿ ಹೋದ್ರೆ ಅಷ್ಟು ಒಳ್ಳೇದು ಅಂತ ಅವರು ಪಂಪನ್ನ ಮುಟ್ತಾನೇ ಇರ್ಲಿಲ್ಲ. ಗಾಜಿನ ಕೊಳವೇಲಿ ನೀರು ತಳಕ್ಕೆ ಇಳಿಯೋ ತನಕ ಕಾಯೋರು. ಆಮೇಲೆ ಬಾವಿಯ ತಣ್ಣೀರನ್ನ ಒಂದೇ ಸಲಕ್ಕೆ ಗಡಗಡ ತುಂಬೋರು. ಮುಳ್ಳು ಬೀಳೋದು, ಇವರು ಬೈಕೊಂಡು ಒಲೆ ಬಾಯಿಗೆ ಸೌದೆ ತುರುಕೋರು. ದಿನಾ ಇದೇ ಗೋಳು.

ಗೌಡ್ರು ಬೈದ ಆ ಸೋಮವಾರವೇ ಪಂಪಿನ ವಾಲ್ವು ಸೋರೋಕೆ ಶುರುವಾಯ್ತು. ಗೌಡ್ರು ಸಾಗರದ ಬಸ್ಸಿನವರ ಕೈಲಿ ಕಾಗದ ಕೊಟ್ಟು ನಮ್ಮಣ್ಣ ಜಟ್ಟಪ್ಪನ್ನ ಕರೆಸಿದ್ರು. ಅಣ್ಣ ಸಾಗರದಲ್ಲಿ ಮರ ಕುಯ್ಯೋ ಒಂದು ಸಾಮಿಲ್ಲಲ್ಲಿ ಫಿಟ್ಟರು. ಅಲ್ಲೂ ಬಾಯ್ಲರ್ ಇದೆ. ಮಾರನೇ ದಿನ ಬೆಳಗಿನ ಬಸ್ಸಿಗೆ ಹೊಸನಗರದ ಮೇಲೆ ಹಾದು, ತೀರ್ಥಹಳ್ಳೀಲಿ ಇಳಿದು, ಸಾಮಾನಿನ ಚೀಲ ಹೆಗಲಿಗೆ ಹಾಕ್ಕೊಂಡು ಬಂದ. ಬಂದೋನು ಪಂಪಿನ ಮುಂದೆ ಕೂತು ನಗೋಕೆ ಶುರು ಮಾಡ್ದ.

"ಭಾವ, ಇದೆಂತ ಇದು? ಪಂಪಿಗೆ ನಿಂಬೆಹಣ್ಣು?"

"ನಗ್ಬೇಡ ಮಾರಾಯ. ಪೀಡೆ ಪಂಪು ಅದು. ಸುಮ್ನೆ ಹೆಸರಿಟ್ಟಿದ್ದಾರಾ?"

ಅಣ್ಣ ಹೊಟ್ಟೆ ಹಿಡ್ಕೊಂಡ. "ಪೀಡೆ ಅಲ್ಲ ಭಾವ, ಫೀಡು! ಫೀಡ್ ಪಂಪು. ಇಂಗ್ಲಿಷಲ್ಲಿ ಫೀಡು ಅಂದ್ರೆ ಉಣ್ಸೋದು. ಬಾಯ್ಲರಿಗೆ ನೀರು ಉಣ್ಸೋ ಪಂಪು ಇದು."

ನಾನು ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ನನಗೂ ನಗು ತಡೀಲಿಲ್ಲ. ನಮ್ಮನೆಯವ್ರ ಮುಖ ಕೆಂಪಗಾಯ್ತು.

"ಉಣ್ಸೋದೋ, ಪೀಡೆನೋ. ಶುರು ಮಾಡಿದ್ರೆ ಮುಳ್ಳು ಬೀಳೋದು ಸುಳ್ಳಾ? ಕಣ್ಣಾರೆ ನೋಡು."

"ಬೀಳದೆ ಇನ್ನೆಂತ ಮಾಡುತ್ತೆ? ಕುದಿಯೋ ಹಂಡೆಗೆ ಕೊಡಗಟ್ಟಲೆ ತಣ್ಣೀರು ಸುರೀತೀಯ. ಅಷ್ಟೂ ನೀರು ಮತ್ತೆ ಕಾಯಬೇಕು. ಅಲ್ಲಿ ತನಕ ಉಗಿ ಎಲ್ಲಿಂದ ಬರುತ್ತೆ? ಹೂವಿ, ನೀನೇ ಹೇಳು. ಬಾಣಂತಿಗೆ ತಣ್ಣೀರು ಕುಡಿಸ್ತೀರಾ?"

"ಅಯ್ಯೋ, ಬಿಸಿನೀರೇ ಕೊಡೋದು ಅಣ್ಣ."

"ಬಾಯ್ಲರಿಗೂ ಬಿಸಿನೀರೇ ಕೊಡ್ಬೇಕು. ಅಷ್ಟೇ ವಿಷಯ."

ನಮ್ಮನೆಯವ್ರು ದಡ್ಡರಲ್ಲ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಒಂದು ಗಳಿಗೆ ಯೋಚನೆ ಮಾಡಿ ಸರಿಯಾದ ಪ್ರಶ್ನೆನೇ ಕೇಳಿದ್ರು. "ಆ ನೀರನ್ನ ಬಿಸಿ ಮಾಡೋಕೂ ಸೌದೆ ಬೇಕಲ್ಲ ಭಾವ? ಈ ಒಲೇಲಿ ಉಳಿಸಿದ್ದನ್ನ ಆ ಒಲೇಲಿ ಸುಟ್ರೆ ಎಂತ ಬಂತು ಮಣ್ಣು?"

"ಹಾಗೆ ಕೇಳು ಮತ್ತೆ!" ಅಂತ ಅಣ್ಣ ಎದ್ದ. ನಮ್ಮಿಬ್ರನ್ನೂ ಎಂಜಿನ್ ಮನೆ ಹಿಂದಕ್ಕೆ ಕರ್ಕೊಂಡು ಹೋದ. ಅಲ್ಲಿ ಗೋಡೆಯಿಂದ ಒಂದು ದಪ್ಪ ಪೈಪು ಹೊರಗೆ ಬಂದಿದೆ. ಎಂಜಿನ್ ತಿರುಗಿಸಿ ಮುಗಿದ ಉಗಿ ಅದರಿಂದ ಬುಸ್ ಬುಸ್ ಅಂತ ಆಕಾಶಕ್ಕೆ ಹೋಗ್ತಿತ್ತು. ನಾನು ಆ ಗಿರಣೀಲಿ ಕೆಲಸಕ್ಕೆ ಸೇರಿದಾಗಿಂದ ಆ ಸದ್ದು ಕೇಳ್ತಿದ್ದೆ. ಒಂದು ದಿನವೂ ಅದರ ಬಗ್ಗೆ ಯೋಚನೆ ಮಾಡಿರ್ಲಿಲ್ಲ.

"ತೀರಾ ಹತ್ರ ಹೋಗ್ಬೇಡಿ, ಮೈ ಸುಡುತ್ತೆ" ಅಂದ ಅಣ್ಣ. "ಭಾವ, ಈ ಉಗಿ ಯಾವ ಸೌದೇದು?"

"ನಾನು ಸುಟ್ಟ ಸೌದೇದೇ."

"ಅದನ್ನ ಕಾಗೆಗಳಿಗೆ ಚಳಿ ಕಾಯಿಸೋಕೆ ಬಿಟ್ಟಿದ್ದೀಯ. ಇದೇ ಉಗೀನ ಹಿಡಿದು ಬಾಯ್ಲರಿಗೆ ಹೋಗೋ ನೀರು ಕಾಯ್ಸು. ಹೊಸ ಸೌದೆ ಒಂದು ಕಡ್ಡಿ ಬೇಡ."

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ್ಲೂ ಭಾವ-ಭಾವಂದಿರ ವಾದ ಮುಗೀಲಿಲ್ಲ. ಅಣ್ಣ ಮಾತು ಬಿಟ್ಟು ಎರಡು ಒಲೆ ಹಚ್ಚಿಸಿದ. ಒಂದೇ ಅಳತೆಯ ಎರಡು ತಪ್ಪಲೆ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಬಚ್ಚಲ ಹಂಡೆಯ ಬಿಸಿನೀರು. ಎರಡಕ್ಕೂ ಎದುರೆದುರೇ ಐದೈದು ಸೀಳು ಸೌದೆ ಇಟ್ಟ. ಒಂದೊಂದೇ ಹಾಕು ಅಂದ. ಹಂಡೆ ನೀರಿನ ತಪ್ಪಲೆ ಎರಡು ಸೀಳಿಗೇ ಕುದಿಯೋಕೆ ಹತ್ತಿತು. ಬಾವಿ ನೀರು ಐದನೇ ಸೀಳು ಕೇಳ್ತು. ನಮ್ಮನೆಯವ್ರು ಉಳಿದ ಮೂರು ಸೀಳು ಕೈಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು.

"ಲೆಕ್ಕ ಸುಲಭ" ಅಂದ ಅಣ್ಣ. "ಡಾಕ್ಟ್ರು ಜ್ವರ ನೋಡೋ ಕಡ್ಡಿ ಇದೆಯಲ್ಲ, ಅದರ ಡಿಗ್ರೀಲಿ ಹೇಳ್ತೀನಿ. ಬಾಯ್ಲರಿಗೆ ಹೋಗೋ ನೀರು ಹತ್ತು ಡಿಗ್ರಿ ಹೆಚ್ಚು ಬಿಸಿ ಇದ್ರೆ, ನೂರು ಸೌದೇಲಿ ಸುಮಾರು ಒಂದು ಸೌದೆ ಉಳಿಯುತ್ತೆ. ನಿಮ್ಮ ಬಾವಿ ನೀರು ಎಪ್ಪತ್ತೈದು ಡಿಗ್ರಿ. ಅದನ್ನ ನೂರ ಎಂಬತ್ತರ ತನಕ ತಂದ್ರೆ ನೂರಕ್ಕೆ ಹತ್ತು ಉಳೀತು."

"ಹತ್ತು ಗಾಡಿಗೆ ಒಂದು ಗಾಡಿ!" ಅಂದೆ ನಾನು. ಶನಿವಾರ ಮಧ್ಯಾಹ್ನಕ್ಕೆ ನಮಗೆ ಕಮ್ಮಿ ಬೀಳ್ತಿದ್ದಿದ್ದೂ ಒಂದು ಗಾಡಿನೇ.

ಅಣ್ಣ ನೆಲದ ಮೇಲೆ ಇದ್ದಿಲಲ್ಲಿ ಬರೆದು ತೋರ್ಸಿದ. ಬಾವಿ ನೀರು ತುಂಬೋಕೆ ಒಂದು ಕಬ್ಬಿಣದ ಟ್ಯಾಂಕು. ಅದರೊಳಗೆ ಸುರುಳಿ ಪೈಪು. ಎಂಜಿನ್ ಬಿಟ್ಟ ಉಗಿ ಸುರುಳಿ ಒಳಗೆ ಹಾದು ನೀರನ್ನ ಕಾಯಿಸಿ ಹೊರಗೆ ಹೋಗಬೇಕು, ನೀರಿಗೆ ಬೆರೀಬಾರದು. ಯಾಕಂದ್ರೆ ಆ ಉಗೀಲಿ ಎಂಜಿನ್ ಎಣ್ಣೆ ಇರುತ್ತೆ, ಎಣ್ಣೆ ಬಾಯ್ಲರ್ ಒಳಗೆ ಹೋದ್ರೆ ತಗಡು ಸುಟ್ಟು ಹಾಳಾಗುತ್ತೆ. ಆಮೇಲೆ ಅಣ್ಣ ಒಂದು ಮಾತನ್ನ ಎರಡು ಸಲ ಹೇಳ್ದ. "ಟ್ಯಾಂಕು ಪಂಪಿಗಿಂತ ಮೇಲಿರಬೇಕು ಭಾವ. ಆಳೆತ್ತರ ಮೇಲೆ. ಬಿಸಿನೀರನ್ನ ಪಂಪು ಕೆಳಗಿಂದ ಎಳೆಯೋಕಾಗಲ್ಲ. ಎಳೆದ್ರೆ ದಾರೀಲೇ ನೀರು ಉಗಿಯಾಗಿ ಪಂಪಿನ ಹಿಡಿತ ತಪ್ಪುತ್ತೆ. ಮೇಲಿಂದ ತಾನಾಗಿ ಇಳಿದು ಬಂದ್ರೆ ತಗೊಳ್ಳುತ್ತೆ. ನಾನು ಸಾಗರದಲ್ಲಿ ಪೈಪು ಬಗ್ಗಿಸಿಕೊಂಡು ಭಾನುವಾರ ಬರ್ತೀನಿ. ನೀನು ಅಷ್ಟರೊಳಗೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿಡು."

ನಮ್ಮನೆಯವ್ರು ಎಲೆಗೆ ಸುಣ್ಣ ಹಚ್ಕೊಂಡು "ಹ್ಞೂಂ, ಹ್ಞೂಂ" ಅಂದ್ರು. ಗೌಡ್ರಿಗೂ ಅಣ್ಣ ವಿಷಯ ತಿಳಿಸಿ, ಒಪ್ಪಿಸಿ, ವಾಲ್ವು ಸರಿಮಾಡಿ ಸಂಜೆ ಬಸ್ಸು ಹತ್ತಿದ.

ಮಾರನೇ ದಿನ ಕಟ್ಟೆ ಕೆಲಸ ಶುರುವಾಗಲಿಲ್ಲ. ನಾನು ಕೇಳಿದ್ರೆ, "ಕಟ್ಟೆಯಂತೆ, ಸುರುಳಿಯಂತೆ. ನಿಮ್ಮಣ್ಣಂದು ಎಲ್ಲಾ ದೊಡ್ಡಸ್ತಿಕೆ. ಉಗೀನ ಸೀದಾ ನೀರಿಗೆ ಬಿಟ್ರೆ ನೀರು ಬಿಸಿ ಆಗಲ್ವಾ?" ಅಂದ್ರು. ಅವರ ಮನಸ್ಸಲ್ಲಿ ಎಂತಿತ್ತು ಅಂತ ನನಗೆ ಗೊತ್ತು. ಭಾವ ಬರೋ ಮುಂಚೆ ತಾನೇ ಮಾಡಿ ಮುಗಿಸಿ ತೋರಿಸ್ಬೇಕು ಅಂತ.

ಗುರುವಾರ ಬೆಳಿಗ್ಗೆ ಒಂದು ಹಳೇ ಪೈಪು ಹುಡುಕಿ, ಎಂಜಿನ್ ಮನೆ ಹಿಂದಿನ ಉಗೀನ ತಂದು, ಪಂಪು ನೀರು ಎಳೆಯೋ ಗುಂಡಿಗೆ ಬಿಟ್ರು. ಆ ಗುಂಡಿ ನೆಲದಲ್ಲಿ ತೋಡಿದ್ದು. ಪಂಪು ಮೇಲಿದೆ, ನೀರು ಕೆಳಗಿದೆ. ಮೊದಲು ಚೆನ್ನಾಗೇ ನಡೀತು. ಗುಂಡಿ ನೀರು ಉಗುರು ಬೆಚ್ಚಗಾಯ್ತು, ಪಂಪು ಹಾಕಿದ್ರೆ ಮುಳ್ಳು ಮೊದಲಿನಷ್ಟು ಬೀಳಲಿಲ್ಲ. "ನೋಡಿದ್ಯೇನೇ!" ಅಂತ ಮೀಸೆ ತಿರುವಿದ್ರು. ನಾನೂ ಖುಷಿಯಾಗಿ ಕಣಕ್ಕೆ ಹೋದೆ.

ಹತ್ತು ಗಂಟೆ ಹೊತ್ತಿಗೆ ಪಂಪಿನ ಸದ್ದೇ ಬದಲಾಯ್ತು. ಗುಂಡಿ ನೀರು ಕೈ ಇಡಕ್ಕಾಗದಷ್ಟು ಸುಡ್ತಿತ್ತು. ಪಂಪು ಟಕಟಕ ಟಕಟಕ ಸುಮ್ನೆ ಓಡ್ತಿದೆ, ನೀರು ಮಾತ್ರ ಹೋಗ್ತಿಲ್ಲ. ಗಾಜಿನ ಕೊಳವೇಲಿ ನೀರು ಇಳೀತಾ ಇಳೀತಾ ಬಂತು. ಕಾಲು ಭಾಗ ಉಳೀತು, ಆಮೇಲೆ ಎರಡು ಬೆರಳು. ಬಾಯ್ಲರ್ ಒಳಗೆ ನೀರು ಕಮ್ಮಿಯಾಗಿ ತಗಡು ಕೆಂಪಗೆ ಕಾದ್ರೆ ಎಂತ ಆಗುತ್ತೆ ಅಂತ ಆ ಕೋಣೇಲಿ ಕೆಲಸ ಮಾಡೋರಿಗೆ ಯಾರೂ ಹೇಳ್ಬೇಕಾಗಿಲ್ಲ. ಗೋಡೆ ಸಮೇತ ಹಾರಿಹೋಗುತ್ತೆ.

"ಎಲ್ರೂ ಆಚೆ ಹೋಗ್ರೀ!" ಅಂತ ನಮ್ಮನೆಯವ್ರು ಕೂಗಿದ್ದು ಕಣಕ್ಕೇ ಕೇಳಿಸ್ತು.

ನಾವು ಹೆಂಗಸ್ರೆಲ್ಲಾ ರಸ್ತೆಗೆ ಓಡಿದ್ವಿ. ಅವರು ಒಬ್ರೇ ಒಳಗೆ. ಉದ್ದ ಕೊಕ್ಕೆ ಹಿಡಿದು ಒಲೆಯೊಳಗಿನ ಬೆಂಕಿನ ಪೂರ್ತಿ ಹೊರಗೆ ಎಳೆದು ಮಣ್ಣು ಮುಚ್ಚಿದ್ರು. ಕಾದ ಬಾಯ್ಲರಿಗೆ ಗಾಬರೀಲಿ ತಣ್ಣೀರು ತುಂಬಲಿಲ್ಲ, ತುಂಬಿದ್ರೆ ಒಮ್ಮೆಗೇ ಉಗಿ ಎದ್ದು ಸಿಡೀತಿತ್ತು. ಅಷ್ಟು ವಿವೇಕ ಇತ್ತು, ಅದಕ್ಕೇ ಇವತ್ತು ಬದುಕಿದ್ದಾರೆ. ಹೊರಗೆ ಬಂದಾಗ ಹುಬ್ಬು ಸುಟ್ಟಿತ್ತು. ನಾನು ರಸ್ತೇಲಿ ನಿಂತು ಎಷ್ಟು ದೇವ್ರಿಗೆ ಕೈ ಮುಗಿದಿದ್ನೋ ನನಗೇ ಲೆಕ್ಕವಿಲ್ಲ.

ಗೌಡ್ರು ಮನೆಯಿಂದ ಓಡಿ ಬಂದ್ರು. ವಿಷಯ ಅರ್ಧ ಕೇಳೋ ಹೊತ್ತಿಗೇ ಸಿಡಿದುಬಿದ್ರು.

"ನಿನ್ನ ಭಾವನ ಬುದ್ಧಿ ಕೇಳಿದ್ದಕ್ಕೆ ಗಿರಣಿ ಹಾರಿಹೋಗ್ತಿತ್ತಲ್ಲೋ! ಬಿಸಿನೀರಂತೆ! ಸಾಗರದಿಂದ ಬಂದು ಹುಚ್ಚು ಹತ್ತಿಸಿ ಹೋದ್ನಲ್ಲ ಆ ಫಿಟ್ಟರು! ಸಾಕು. ಬಾಯ್ಲರೂ ಬೇಡ, ನೀವೂ ಬೇಡ."

ನಮ್ಮನೆಯವ್ರು ತಲೆ ತಗ್ಗಿಸಿ ನಿಂತಿದ್ರು. ಸುಮ್ಮನಿದ್ರೆ ತಪ್ಪು ನಮ್ಮಣ್ಣನ ತಲೆ ಮೇಲೆ ಹೋಗುತ್ತೆ. ಹೋಗ್ಲಿ ಅಂತ್ಲೇ ಸುಮ್ಮನಿದ್ರು. ಜೀವ ಉಳೀತಲ್ಲ ಅಂತ ಆಗ ತಾನೇ ಕೈ ಮುಗಿದಿದ್ದ ನನಗೆ ಈಗ ಹೊಟ್ಟೆ ಉರಿದುಹೋಯ್ತು. ಎಂಟು ಜನ ಹೆಂಗಸ್ರ ಕೆಲಸ ಹೋಗ್ತಿದೆ, ಅಣ್ಣನ ಮಾನ ಹೋಗ್ತಿದೆ, ಇವರಿಗೆ ಬಾಯಿಲ್ಲ.

ಹತ್ರ ಹೋಗಿ ಮೆಲ್ಲಗೆ ಕೇಳಿದೆ. "ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವರು ನನ್ನ ಮುಖ ನೋಡಿದ್ರು.

"ಗೌಡ್ರೇ, ಭಾವಂದು ತಪ್ಪಿಲ್ಲ. ಟ್ಯಾಂಕು ಪಂಪಿಗಿಂತ ಮೇಲಿಡು ಅಂತ ಎರಡು ಸಲ ಹೇಳಿದ್ದ. ಕಲ್ಲು ಹೊರೋ ಕೆಲಸ ಯಾರು ಮಾಡ್ತಾರೆ ಅಂತ ನಾನೇ ಬಿಟ್ಟೆ. ನಾನೇ ಮೊದಲು ಮಾಡಿ ತೋರಿಸ್ಬೇಕು ಅಂತ ಹಟ ಇತ್ತು. ತಪ್ಪು ನಂದು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ "ತಪ್ಪು ನಂದು" ಅಂದಿದ್ದು ನಾನು ಕೇಳಿದ್ದೇ ಅವತ್ತು. ಗೌಡ್ರೂ ಕೇಳಿರ್ಲಿಲ್ಲ ಅಂತ ಕಾಣುತ್ತೆ.

"ಕೊನೇ ಸಲ" ಅಂದ್ರು ಗೌಡ್ರು. "ಮುಂದಿನ ವಾರ ಒಂದೇ ವಾರ. ಅದೇ ಹತ್ತು ಗಾಡಿ ಸೌದೆ. ಶನಿವಾರ ಸಂಜೆ ತೊಟ್ಟೀಲಿ ಒಂದು ಹಿಡಿ ಭತ್ತ ಬೇಯದೆ ಉಳಿದ್ರೂ ಮೋಟ್ರಿಗೆ ಬರೆದು ಹಾಕ್ತೀನಿ. ಆಮೇಲೆ ಯಾರೂ ನನ್ನ ಮುಂದೆ ಬರಬೇಡಿ."

ಶುಕ್ರವಾರ, ಶನಿವಾರ ಗಿರಣಿ ನಿಂತಿತ್ತು, ನಮಗೆ ಕೂಲಿ ಇಲ್ಲ. ಆದರೂ ಎಂಟು ಜನವೂ ಬಂದ್ವಿ. ನಮ್ಮನೆಯವ್ರು ಎಲ್ರಿಗಿಂತ ಮೊದಲೇ ಬಂದು ಜಂಬಿಟ್ಟಿಗೆ ಕಲ್ಲು ಹೊರ್ತಿದ್ರು. ಗುತ್ಯಮ್ಮ ಸುಮ್ನಿರ್ತಾಳಾ? "ಏನ್ ಭೂತಪ್ಪಣ್ಣ, ಗುರುವಾರ ಭಾರ ಇದ್ದ ಕಲ್ಲು ಶುಕ್ರವಾರ ಹಗುರಾಯ್ತಾ?" ಅಂದ್ಲು. ಅವರು ನಕ್ಕು ಇನ್ನೊಂದು ಕಲ್ಲು ಎತ್ಕೊಂಡ್ರು. ಶನಿವಾರ ಸಂಜೆಗೆ ಆಳೆತ್ತರದ ಕಟ್ಟೆ ಎದ್ದಿತ್ತು. ಗುಂಡಿಗೆ ಬಿದ್ದಿದ್ದ ಎಂಜಿನ್ ಎಣ್ಣೆನ ಬಳಿದು ತೊಳೆದು ತೆಗೆದಿದ್ದೂ ನಾವೇ.

ಭಾನುವಾರ ಅಣ್ಣ ಸುರುಳಿ ಪೈಪು ಹೊತ್ಕೊಂಡು ಬಂದ. ಗುರುವಾರದ ಕಥೆ ಕೇಳಿ ಅವನ ಮುಖ ಬಿಳಿಚಿಕೊಳ್ತು. ಬೈಯ್ತಾನೆ ಅಂದ್ಕೊಂಡಿದ್ದೆ, ಬೈಯಲಿಲ್ಲ. "ಬೆಂಕಿ ಎಳೆದಿದ್ದು ಸರಿ ಮಾಡ್ದೆ ಭಾವ" ಅಂದ, ಅಷ್ಟೇ. ಇಬ್ರೂ ಸೇರಿ ಕಟ್ಟೆ ಮೇಲೆ ಟ್ಯಾಂಕು ಕೂರಿಸಿದ್ರು. ಒಳಗೆ ಸುರುಳಿ ಇಟ್ರು. ಟ್ಯಾಂಕಿಗೆ ಮುಚ್ಚಳ ಹಾಕಿದ್ರು, ಬಿಸಿ ಹಾರಿಹೋಗದ ಹಾಗೆ, ಕಸ ಬೀಳದ ಹಾಗೆ. ಟ್ಯಾಂಕಿಂದ ಪಂಪಿಗೆ ಇಳಿಯೋ ಪೈಪಿಗೆ ತೆಂಗಿನ ನಾರಿನ ಹಗ್ಗ ಸುತ್ತಿ ಮೇಲೆ ಮಣ್ಣು ಮೆತ್ತಿದ್ದು ನಾನು, ಗುತ್ಯಮ್ಮ.

"ಇನ್ನೊಂದು ಮಾತು" ಅಂದ ಅಣ್ಣ. "ನೀರು ತಳಕ್ಕೆ ಹೋಗೋ ತನಕ ಕಾಯ್ಬೇಡ. ಸ್ವಲ್ಪ ಸ್ವಲ್ಪ, ಆಗಾಗ ಕೊಡು. ಗಾಜಿನ ಕೊಳವೇಲಿ ನೀರು ಯಾವಾಗ್ಲೂ ಅರ್ಧದಲ್ಲಿರ್ಲಿ. ಮಕ್ಕಳಿಗೆ ಒಂದೊಂದೇ ತುತ್ತು ಕೊಟ್ಟ ಹಾಗೆ."

"ಉಣ್ಸೋದು" ಅಂದ್ರು ನಮ್ಮನೆಯವ್ರು.

"ಹ್ಞಾಂ, ಉಣ್ಸೋದು."

ಸೋಮವಾರ ಬಾಯ್ಲರ್ ಹತ್ತಿತು. ಒಂದು ಗಂಟೇಲಿ ಟ್ಯಾಂಕಿನ ನೀರು ಸುಡೋಕೆ ಶುರುವಾಯ್ತು. ನಮ್ಮನೆಯವ್ರು ಪಂಪು ಶುರು ಮಾಡಿ ಮುಳ್ಳು ನೋಡ್ತಾ ನಿಂತ್ರು. ಎಂಬತ್ತರಲ್ಲಿದ್ದ ಮುಳ್ಳು ಎಪ್ಪತ್ತಾರಕ್ಕೆ ಬಂತು, ಅಲ್ಲೇ ನಿಂತು ಮತ್ತೆ ಮೇಲೆ ಹೋಯ್ತು. ಪಂಪು ನಿಧಾನಕ್ಕೆ ನೀರು ನುಂಗ್ತಿತ್ತು. ನಮ್ಮ ಡ್ರಮ್ಮಿಗೆ ಉಗಿ ಒಂದೇ ಸಮ ಬಂತು. ಭತ್ತ ಬೆಂದು ಬಾಯಿ ಬಿಟ್ಟಿದ್ದು ಡ್ರಮ್ಮಿನ ಮೇಲಿಂದ ಕೆಳಗಿನ ತನಕ ಒಂದೇ ಹದ.

ಆದರೂ ವಾರ ಪೂರ್ತಿ ನಾವು ದಿನಾ ಸೌದೆ ಕೊಟ್ಟಿಗೆ ಇಣುಕಿ ನೋಡ್ತಿದ್ವಿ. ಮೊದಲೆಲ್ಲಾ ಗುರುವಾರ ಸಂಜೆಗೆ ಏಳೂವರೆ ಗಾಡಿ ಸೌದೆ ಉರಿದುಹೋಗಿರ್ತಿತ್ತು. ಆ ಗುರುವಾರ ಏಳೂ ಆಗಿರ್ಲಿಲ್ಲ. ಶನಿವಾರ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಯಾರೂ ಮನೆಗೆ ಹೋಗಲಿಲ್ಲ, ಎಲ್ರೂ ಸೌದೆ ಕೊಟ್ಟಿಗೆ ಬಾಗಿಲಿಗೆ ಬಂದ್ವಿ. ಹತ್ತನೇ ಗಾಡಿ ಸೌದೆ ಹೆಚ್ಚೂ ಕಮ್ಮಿ ಹಾಗೇ ಇತ್ತು. ಗುತ್ಯಮ್ಮ ನನ್ನ ಕೈ ಹಿಡ್ಕೊಂಡ್ಲು, ಬಿಡಲೇ ಇಲ್ಲ.

ಮಧ್ಯಾಹ್ನದ ಮೇಲೆ ಒಂದೊಂದೇ ಡ್ರಮ್ಮು ತುಂಬಿದ್ವಿ. ಮೂರು ಗಂಟೆಗೆ ಒಂದು ತೊಟ್ಟಿ ಖಾಲಿ. ನಾಲ್ಕೂವರೆಗೆ ಕೊನೇ ತೊಟ್ಟೀಲಿ ತಳ ಕಾಣಿಸ್ತು. ಐದಕ್ಕೆ ನಾನು ಪೊರಕೆ ತಗೊಂಡು ತೊಟ್ಟಿ ಮೂಲೇಲಿ ಅಂಟಿದ್ದ ಭತ್ತಾನೂ ಗುಡಿಸಿ ಡ್ರಮ್ಮಿಗೆ ಹಾಕಿದೆ. ಒಂದು ಹಿಡಿ ಅಂದಿದ್ರಲ್ಲ ಗೌಡ್ರು, ಒಂದು ಕಾಳೂ ಬಿಡಬಾರದು ಅಂತ ನನಗೆ ಹಟ.

ಗೌಡ್ರು ಬಂದ್ರು. ಒಂದೊಂದೇ ತೊಟ್ಟಿಗೆ ಬಗ್ಗಿ ನೋಡಿದ್ರು. ಆಮೇಲೆ ಸೌದೆ ಕೊಟ್ಟಿಗೆಗೆ ಹೋದ್ರು. ಅಲ್ಲಿ ಮೂಲೇಲಿ ಇನ್ನೂ ಎರಡು ತೋಳು ತುಂಬಾ ಸೌದೆ ಉಳಿದಿತ್ತು. ಒಂದು ಸೌದೆ ಎತ್ತಿ ನೋಡಿ ಅಲ್ಲೇ ಇಟ್ರು. ಬಾಯ್ಲರ್ ಕೋಣೆ ಬಾಗಿಲಿಗೆ ಬಂದು ನಿಂತ್ರು. ನಮ್ಮನೆಯವ್ರು ಬೆವರು ಒರೆಸ್ಕೊಂಡು ಎದ್ರು. ನಾವು ಎಂಟೂ ಜನ ಕಣದಲ್ಲಿ ನಿಂತು ಕೇಳ್ತಿದ್ವಿ.

"ಭೂತಪ್ಪ" ಅಂದ್ರು ಗೌಡ್ರು, "ಸೋಮವಾರಕ್ಕೆ ಎಷ್ಟು ಮೂಟೆ ನೆನೆಹಾಕ್ಲಿ?"

ನಮ್ಮನೆಯವ್ರು ಬಾಯಿ ತೆರೆಯೋ ಮುಂಚೆ ನಾನೇ ಕಣದಿಂದ ಕೂಗಿದೆ, "ತೊಟ್ಟಿ ತುಂಬಾ ಹಾಕಿ ಗೌಡ್ರೇ!"

ಗಿರಣಿ ಕೆಲಸದ ಅಣ್ಣಂದ್ರೇ, ಅಕ್ಕಂದ್ರೇ, ಸಾಮಿಲ್ಲಿನೋರೇ, ಬಾಯ್ಲರ್ ಇಟ್ಟಿರೋ ಯಜಮಾನ್ರೇ, ನನ್ನ ಮಾತು ಒಂದಿಷ್ಟು ಕೇಳಿ. ನಾಳೆ ಬೆಳಿಗ್ಗೆ ನಿಮ್ಮ ಎಂಜಿನ್ ಮನೆ ಹಿಂದಕ್ಕೆ ಹೋಗಿ ನೋಡಿ. ಬಿಳೀ ಉಗಿ ಸುಮ್ನೆ ಆಕಾಶಕ್ಕೆ ಹೋಗ್ತಿದ್ರೆ, ಅದು ನೀವೇ ಕಡಿದು ಹೊತ್ತು ತಂದ ಸೌದೆ ಅಂತ ತಿಳೀರಿ. ಅದರಿಂದ ಬಾಯ್ಲರಿನ ನೀರು ಕಾಯಿಸಿ. ಟ್ಯಾಂಕು ಪಂಪಿಗಿಂತ ಮೇಲೆ ಇಡಿ, ಇದನ್ನ ಮಾತ್ರ ದಯವಿಟ್ಟು ಮರೀಬೇಡಿ. ಎಣ್ಣೆ ಬೆರೆತ ಉಗೀನ ನೀರಿಗೆ ಬಿಡಬೇಡಿ. ನೀರನ್ನ ಆಗಾಗ ಸ್ವಲ್ಪ ಸ್ವಲ್ಪ ಕೊಡಿ, ಗಾಜಿನ ಕೊಳವೆ ಮೇಲೆ ಕಣ್ಣಿರ್ಲಿ. ನಮ್ಮ ಹಾಗೆ ಹಳೇ ಪೈಪು ಹುಡುಕಿ ಸ್ವಂತ ಸಾಹಸ ಮಾಡಕ್ಕೆ ಹೋಗ್ಬೇಡಿ. ಗೊತ್ತಿರೋ ಫಿಟ್ಟರನ್ನ ಕರೆಸಿ, ಬಾಯ್ಲರ್ ಇನ್ಸ್‌ಪೆಕ್ಟರ್ ಬಂದಾಗ ತೋರ್ಸಿ ಕೇಳಿ, ಅವರು ಸರಿ ಅಂದ ಮೇಲೆ ಕೈ ಹಾಕಿ.

ಹೇಳಿಕೊಟ್ಟೋರು ಎರಡು ಸಲ ಹೇಳಿದ ಮಾತನ್ನ ಒಂದು ಸಲವಾದ್ರೂ ಕೇಳಿ. ರಸ್ತೇಲಿ ನಿಂತು ಕೈ ಮುಗಿಯೋ ಕಷ್ಟ ನಿಮ್ಮ ಮನೆ ಹೆಂಗಸ್ರಿಗೆ ಬೇಡ.